ಎಡೆ ಕಾದ ಆರೂವರೆ ಗಂಟೆ

ಎಡೆಯ ಮರುದಿನ ಬೆಳಿಗ್ಗೆ ಅತ್ತೆ ಬಚ್ಚಲ ಬಾಗಿಲು ಹಿಡಿದು ನಿಂತಿದ್ದರು. ಭೇದಿಯಾಗಿ ಏಳನೆಯ ಸಲ ಹೋಗಿ ಬಂದಿದ್ದರು. ‘ಕಣ್ಣು ಕತ್ಲೆ ಬತ್ತೈತೆ ಕಣೇ’ ಅಂದವರು ಅಲ್ಲೇ ಕುಸಿದರು.

ಕಣಕಟ್ಟೆಯಿಂದ ಅರಸೀಕೆರೆಯ ಆಸ್ಪತ್ರೆ ಮುಟ್ಟುವವರೆಗೆ ಅವರ ತಲೆ ನನ್ನ ತೊಡೆಯ ಮೇಲಿತ್ತು. ಹದಿನೈದು ವರ್ಷದಿಂದ ಶುಗರ್ ಇರುವ ದೇಹ. ತುಟಿ ಒಣಗಿ ಬಿರಿದಿತ್ತು. ನರ್ಸ್ ಬಿಪಿ ನೋಡಿದರು. ಮತ್ತೆ ನೋಡಿದರು.

ಮಧ್ಯಾಹ್ನ ರಿಪೋರ್ಟ್ ಬಂತು. ಕ್ರಿಯಾಟಿನಿನ್ ಏರಿತ್ತು. ದೇಹದಲ್ಲಿ ನೀರಿಲ್ಲದೆ ಕಿಡ್ನಿ ಸೋಲುತ್ತಿದೆ, ಎರಡು ದಿನದಲ್ಲಿ ಇಳಿಯದಿದ್ದರೆ ಹಾಸನಕ್ಕೆ ಕರೆದೊಯ್ಯಬೇಕು ಎಂದರು ಡಾಕ್ಟರು.

ಡಯಾಲಿಸಿಸ್‌ಗೆ.

ಆಮೇಲೆ ಅವರು ಕೇಳಿದ್ದು ಒಂದೇ. ‘ಅಡುಗೆ ಇಳಿಸಿ ಎಷ್ಟು ಹೊತ್ತಿಗೆ ಊಟ ಮಾಡಿದ್ರಿ?’

ಎಲ್ಲರೂ ಅತ್ತೆಯ ಹಾಸಿಗೆಯ ಕಡೆ ತಿರುಗಿದರು. ನಾನೂ.

ತೀರಿಹೋದ ಮಾವನಿಗೆ ಪಿತೃಪಕ್ಷದಲ್ಲಿ ಎಡೆ ಇಡುತ್ತೇವೆ. ನಮ್ಮ ಮನೆಯಲ್ಲಿ ಎಲೆಗೆ ಬಡಿಸಿ, ಅಡುಗೆಯ ಪಾತ್ರೆಗಳನ್ನೂ ಫೋಟೋದ ಮುಂದೆಯೇ ಇಡುವುದು ರೂಢಿ. ಎಲ್ಲರೂ ಬಂದು ಕೈಮುಗಿಯುವವರೆಗೆ ಮುಟ್ಟುವಂತಿಲ್ಲ. ಈ ಸಲ ಮಾವನ ತಮ್ಮ, ನನ್ನ ಚಿಕ್ಕಮಾವ, ಅರೇಹಳ್ಳಿಯಿಂದ ಬರಬೇಕಿತ್ತು. ಬೇಲೂರಿನಲ್ಲಿ ಬಸ್ ತಪ್ಪಿತು. ಹಳೇಬೀಡಿನಲ್ಲಿ ಇನ್ನೊಂದಕ್ಕೆ ಕಾದರಂತೆ. ಒಂಬತ್ತಕ್ಕೆ ಇಳಿಸಿದ ಮಟನ್ ಸಾರು ಮುಚ್ಚಿದ ದೊಡ್ಡ ಪಾತ್ರೆಯಲ್ಲಿ ಮೂರೂವರೆಯವರೆಗೆ ನಡುಮನೆಯಲ್ಲೇ ಕೂತಿತ್ತು. ಮುಟ್ಟಿದರೆ ಉಗುರುಬೆಚ್ಚಗೆ, ಬ್ಯಾಕ್ಟೀರಿಯಾ ಬೆಳೆಯುವ ಹದ. ಕುದಿಸೋಣವೇ ಎಂದು ಕೇಳಬೇಕೆನಿಸಿತು. ಎಡೆಗಿಟ್ಟದ್ದನ್ನು ಮತ್ತೆ ಒಲೆಗೇರಿಸುವುದಿಲ್ಲ ಅನ್ನುತ್ತಾರೆಂದು ಸುಮ್ಮನಾದೆ. ಬಿ.ಎಸ್ಸಿ.ಯಲ್ಲಿ ಮೈಕ್ರೋಬಯಾಲಜಿ ಓದಿದ ನಾನೇ ಸೌಟು ಹಿಡಿದು, ಬೇಡವೆಂದರೂ ಅತ್ತೆಗೆ ಎರಡನೆಯ ಸಲ ಬಡಿಸಿದೆ. ಆ ಕೈಯನ್ನು ಈಗಲೂ ದಿನಕ್ಕೆ ಹತ್ತು ಸಲ ಹಿಂದಕ್ಕೆಳೆದುಕೊಳ್ಳುತ್ತೇನೆ.

ವಾರ್ಡಿನ ಹೊರಗೆ ಪಂಚಾಯಿತಿ ಶುರುವಾಯಿತು. ತಪ್ಪು ಮಟನ್ ಅಂಗಡಿಯವನದಂತೆ, ಟ್ಯಾಂಕಿನದಂತೆ, ಯಾರದೋ ದೃಷ್ಟಿಯದಂತೆ. ನನ್ನ ಗಂಡ ಮೊಬೈಲಿನಲ್ಲಿ ಪಟ್ಟಿಯನ್ನೇ ಮಾಡಿದರು. ಮೊದಲು ನೀರಿನ ಫಿಲ್ಟರ್, ಆಮೇಲೆ ಟ್ಯಾಂಕ್ ತೊಳೆಸುವುದು, ಆಮೇಲೆ ಹೋಟೆಲ್ ಊಟ ಬಂದ್. ನಮ್ಮ ಮನೆಯವರು ಹೋಟೆಲ್ ಮೆಟ್ಟಿಲು ಹತ್ತಿ ಆರು ತಿಂಗಳಾಗಿತ್ತು.

‘ಸಾರು ಆರೂವರೆ ಗಂಟೆ ಕೂತಿದ್ದನ್ನ ಮೊದಲು ಬರೀರಿ’ ಅಂದೆ.

‘ಚಿಕ್ಕಪ್ಪ ಇಲ್ಲೇ ಅವ್ರೆ. ಸುಮ್ನಿರೇ.’

ಹೆತ್ತ ತಾಯಿಯ ಕಿಡ್ನಿಗಿಂತ ಚಿಕ್ಕಪ್ಪನ ಮನಸ್ಸು ಮುಖ್ಯವಾಯಿತು. ಸಿಟ್ಟಿಗೆ ನನಗೆ ಅಳು ಬಂತು.

ಮೂರನೆಯ ದಿನ ಕ್ರಿಯಾಟಿನಿನ್ ಇಳಿಯತೊಡಗಿತು. ಐದನೆಯ ದಿನ ಅತ್ತೆ ದಿಂಬಿಗೆ ಒರಗಿ ಕೂತರು. ಗಂಡ ಪಟ್ಟಿ ಓದಿ ಹೇಳಿದರು. ನನಗೆ ತಡೆಯಲಾಗಲಿಲ್ಲ. ಚಿಕ್ಕಮಾವ ಬಾಗಿಲಲ್ಲಿ ನಿಂತಿದ್ದಂತೆಯೇ ಸಾರು ಅಷ್ಟು ಹೊತ್ತು ಕೂತಿದ್ದ ವಿಷಯ ಹೇಳಿಬಿಟ್ಟೆ.

ಅತ್ತೆ ಮಗನ ಮೊಬೈಲನ್ನು ಪಕ್ಕಕ್ಕೆ ಸರಿಸಿದರು.

‘ನಿಮ್ಮಪ್ಪ ಬದುಕಿದ್ದಾಗ ಸಾರು ಆರಿದ್ರೆ ತಟ್ಟೆ ತಳ್ಳೋರು ಕಣಪ್ಪ’ ಎಂದರು ಮಗನಿಗೆ. ‘ಈಗ ಅವ್ರ ಹೆಸರಲ್ಲಿ ನಾವ್ಯಾಕೆ ಆರಿದ್ದು ಉಣ್ಣಾದು? ಮುಂದ್ಲ ವರ್ಷ ಅವ್ರಿಗೆ ಎಲೆಗೆ ಬಡ್ಸಿದ್ದೇ ಸಾಕು. ಪಾತ್ರೆ ಒಲೆ ಮೇಲೇ ಇರ್ಲಿ, ಬಂದೋರು ಬಂದಂಗೆ ಬಿಸಿಬಿಸಿ ಉಣ್ಣಲಿ.’

ಗಂಡ ಹೆದರಿ ಚಿಕ್ಕಪ್ಪನ ಮುಖ ನೋಡಿದರು.

‘ನಂಗ್ಯಾಕೆ ಕಾದ್ರಿ ಅತ್ಗೆ?’ ಎಂದರು ಚಿಕ್ಕಮಾವ. ‘ನಾನು ಬೇಲೂರಲ್ಲೇ ಇಡ್ಲಿ ತಿಂದಿದ್ದೆ.’

ಈಗ ಮನೆಯಲ್ಲಿದ್ದೇವೆ. ಕ್ರಿಯಾಟಿನಿನ್ ಪೂರ್ತಿ ಇಳಿದಿಲ್ಲ. ಮುಂದಿನ ತಿಂಗಳು ಮತ್ತೆ ಟೆಸ್ಟ್. ಫಿಲ್ಟರ್ ಅಂತೂ ಬಂದು ಗೋಡೆಗೆ ಕೂತಿದೆ. ಡಾಕ್ಟರು ಉಪ್ಪು ಕಡಿಮೆ ಮಾಡಿಸಿದ್ದಾರೆ. ಅತ್ತೆ ದಿನಾ ಮೊದಲ ತುತ್ತಿಗೇ ನನ್ನ ಮೇಲೆ ರೇಗುತ್ತಾರೆ.

ರೇಗಲಿ.