ಬೇಡವೆಂದ ಮರಿ

ಎಕಂಬಾದ ನಮ್ಮ ಹೊಲದ ಆಳೆತ್ತರದ ತೊಗರಿಯೊಳಗೆ ಹೋದ ಅವ್ವ ಎಷ್ಟು ಕೂಗಿದರೂ ಓಗೊಡಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ. ಪಕ್ಕದ ಹೊಲದ ಖಾಸಿಂ ಚಾಚಾ, ಕಾಡುಹಂದಿ ಬೆನ್ನಟ್ಟುವ ತಮ್ಮ ಬೇಟೆನಾಯಿಯನ್ನು ಕರೆತಂದು ಬದುವಿನ ಮೇಲಿದ್ದ ಅವ್ವನ ಚಪ್ಪಲಿ ಮೂಸಿಸಿದರು. ಗಿಡ್ಡ ಕಾಲು, ಜೋಲು ಕಿವಿಯ ಆ ನಾಯಿ ನೆಲಕ್ಕೆ ಮೂಗು ಹಚ್ಚಿ ಒಳನುಗ್ಗಿತು. ಸ್ವಲ್ಪ ಹೊತ್ತಿಗೇ ಬೊಗಳಿತು. ಅವ್ವ ತಲೆಸುತ್ತಿ ಕುಸಿದಿದ್ದಳು. ಬೆಲ್ಲ ತಿನ್ನಿಸಿದ ಮೇಲೆ ಚೇತರಿಸಿಕೊಂಡಳು.

ಆ ನಾಯಿಯ ಅಪ್ಪ ಬೀದರಿನ ನಮ್ಮ ಮನೆಯ ಬೀಗಲ್ ಎಂಬ ವಿದೇಶಿ ತಳಿಯ ನಾಯಿ. ತಮ್ಮ ಮುಧೋಳ ಹೆಣ್ಣುನಾಯಿಗೆ ಕಣ್ಣು ಚುರುಕು, ಆದರೆ ತೊಗರಿಯೊಳಗೆ ಏನೂ ಕಾಣದು, ಮೂಗು ಚುರುಕಿರುವ ತಳಿ ಬೆರೆಸಬೇಕು ಎಂದು ಚಾಚಾ ಅದನ್ನು ಕೇಳಿ ಒಯ್ದಿದ್ದರು. ಗಂಡುನಾಯಿ ಕೊಟ್ಟವರಿಗೆ ಒಂದು ಮರಿ ಕೊಡುವುದು ವಾಡಿಕೆ. ಅವರು ಮರಿ ತಂದಾಗ, “ಇಂಥಾ ವಿಕಾರ ಯಾರು ಸಾಕ್ತಾರ್ರಿ ಚಾಚಾ” ಎಂದು ನಕ್ಕು ಕಳಿಸಿದ್ದೆ.

“ನಿಮ್ಮ ಪಾಲಿನ ಮರೀನೇ ಅದರಿ ಇದು. ಈಗರ ಒಯ್ತೀರೇನ್ರಿ?” ಎಂದರು ಚಾಚಾ.

ಒಯ್ಯಲಿಲ್ಲ, ಅದರ ಕೆಲಸ ಇರುವುದು ಹೊಲದಲ್ಲಿ. ಪ್ರತಿ ಭಾನುವಾರ ಅವ್ವ ಬಡಿದ ಮೊದಲ ರೊಟ್ಟಿ ಕಟ್ಟಿಕೊಂಡು ನಾನೇ ಚಾಚಾನ ಅಂಗಳಕ್ಕೆ ಹೋಗುತ್ತೇನೆ. ವಿಕಾರ ಎಂದವನ ಕೈಯನ್ನೂ ಅದು ಮೂಸಿ, ನೆಕ್ಕುತ್ತದೆ.