ಹಬ್ಬವಿಲ್ಲದ ಮನೆಗೆ ಒಂದು ದೆವ್ವದ ಸಿನಿಮಾ

ಯಾವ ದೆವ್ವದ ಸಿನಿಮಾ ನೋಡಬೇಕು ಎಂದು ನನ್ನನ್ನು ಕೇಳದೆ ತಾವೇ ಆರಿಸಿಕೊಂಡವರು ಆಮೇಲೆ ನನ್ನ ಹತ್ತಿರವೇ ಬಂದು ಗೊಣಗುತ್ತಾರೆ. ಸವಳಂಗ ರಸ್ತೆಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಅಳತೆ ಕೊಡಲು ಬಂದವರು ಕೈ ಎತ್ತಿ ನಿಂತಿರುವಾಗಲೇ ಸಿನಿಮಾ ಕೇಳುತ್ತಾರೆ, ನಾನು ಟೇಪು ಹಿಡಿದುಕೊಂಡೇ ಹೇಳುತ್ತೇನೆ. ಈಚೆಗೆ ಬಂದ ಯಾವ ದೆವ್ವದ ಸಿನಿಮಾವನ್ನೂ ನಾನು ಬಿಟ್ಟಿಲ್ಲ. ಹಿನ್ನೆಲೆ ಸಂಗೀತ ಶುರುವಾದರೆ ಸಾಕು, ನನ್ನ ಗಂಡ ಎದ್ದು ಹೋಗುತ್ತಾರೆ. ಹಾಗಾಗಿ ಒಬ್ಬಳೇ ನೋಡುವುದು ಅಭ್ಯಾಸವಾಗಿದೆ.

ನನ್ನ ಲೆಕ್ಕ ಸರಳ. ತಾನು ಧೈರ್ಯವಂತೆ ಎಂದು ಹೇಳಿಕೊಳ್ಳುವವಳಿಗೆ ರಕ್ತವೇ ಇಲ್ಲದ, ಖಾಲಿ ಮನೆಯಲ್ಲಿ ಸುಮ್ಮನೆ ಕುಕ್ಕರ್ ಕೂಗುವಂಥ ಸಿನಿಮಾ ಹೇಳಬೇಕು. ವಾರವಿಡೀ ಅವಳು ಅಡುಗೆಮನೆಯ ಲೈಟು ಆರಿಸುವುದಿಲ್ಲ. ಹಾಸ್ಟೆಲ್ ಹುಡುಗಿಯರಿಗೆ ಕಿರುಚಾಟವಿರುವುದೇ ಆಗಬೇಕು, ಅವರಿಗೆ ಕಥೆಗಿಂತ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂಗುವುದೇ ಮುಖ್ಯ. ಹೊಸದಾಗಿ ಮದುವೆಯಾದವಳಿಗೆ ಅತ್ತೆಮನೆಯ ಹಳೇ ಬಂಗಲೆಯ ಕಥೆ ಬೇಡವೇ ಬೇಡ. ನಗಿಸುವ ದೆವ್ವಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಒಳ್ಳೆಯ ದೆವ್ವದ ಸಿನಿಮಾ ಹಗಲು ಮೂರು ಗಂಟೆಗೂ ಹೆದರಿಸಬೇಕು. ಕತ್ತಲಲ್ಲಿ ಹೆದರಿಸುವುದಕ್ಕೆ ಒಂದು ಇಲಿ ಸಾಕು.

ದೆವ್ವಗಳ ಹೆಸರಿನ ಆ ವಿದೇಶದ ಹಬ್ಬ, ಹ್ಯಾಲೋವೀನ್, ನಮ್ಮ ರಸ್ತೆಗೆ ಬಂದು ಹೆಚ್ಚು ವರ್ಷವಾಗಿಲ್ಲ. ಅಕ್ಟೋಬರ್ ಕೊನೆಗೆ, ದೀಪಾವಳಿ ಬ್ಲೌಸುಗಳ ನಡುವೆ ತಲೆ ಎತ್ತಲೂ ಆಗದಿರುವಾಗ, ಕಾಲೇಜಿನವರು ಕರಿ ಬಟ್ಟೆ ತಂದು ಪಿಶಾಚಿಯ ನಿಲುವಂಗಿ ಹೊಲಿದುಕೊಡಿ ಎನ್ನುತ್ತಾರೆ. ಹಬ್ಬದ ಹೊತ್ತಿಗೆ ಕರಿ ಬಟ್ಟೆಗೆ ಕತ್ತರಿ ಹಾಕುವುದೇ ಎಂದು ಅಂಗಡಿಯಲ್ಲಿ ನನ್ನ ಜೊತೆ ಹೊಲಿಯುವ ಹೆಂಗಸರು ಮೊದಲ ವರ್ಷ ಮುಖ ಸಿಂಡರಿಸಿದರು. ಈಗ ಬಾವಲಿಯ ರೆಕ್ಕೆಗೆ ಅವರೇ ಪಿನ್ನು ಹಾಕುತ್ತಾರೆ.

ಒಂದು ವರ್ಷ ದೀಪಾವಳಿಯೂ ಹ್ಯಾಲೋವೀನೂ ಒಟ್ಟಿಗೆ ಬಂದಿದ್ದವು. ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಮಾತ್ರ ಹಬ್ಬವಿರಲಿಲ್ಲ. ಯುಗಾದಿ ಕಳೆದ ಮೇಲೆ ಭಾವ ತೀರಿಕೊಂಡಿದ್ದರು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವಂತಿಲ್ಲ. ದೀಪದ ಸಾಲಿಲ್ಲ, ಕಜ್ಜಾಯವಿಲ್ಲ, ಹೊಸ ಬಟ್ಟೆಯಿಲ್ಲ. ಅದೇನೂ ನನಗೆ ಚಿಂತೆಯಾಗಿರಲಿಲ್ಲ. ಚಿಂತೆಯಾಗಿದ್ದದ್ದು, ಅಕ್ಕ ಇಷ್ಟು ತಿಂಗಳಾದರೂ ಅಳದೇ ಇದ್ದದ್ದು. ಭಾವನ ಮಾತು ಎತ್ತುತ್ತಲೇ ಇರಲಿಲ್ಲ. ಬೇರೆಯವರು ಎತ್ತಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಮೈ ಇಳಿದು ಅವಳ ಬ್ಲೌಸುಗಳನ್ನೆಲ್ಲ ನಾನೇ ಹಿಡಿದು ಹೊಲಿದುಕೊಟ್ಟಿದ್ದೆ. ಇವಳು ಹೀಗೇ ಬತ್ತಿಹೋಗುತ್ತಾಳೆ ಎಂದು, ಯಾವ ಸಿನಿಮಾಕ್ಕೂ ಹೆದರದ ನನಗೆ ನಿಜವಾಗಿಯೂ ಭಯವಾಗಿತ್ತು.

ಅಕ್ಕನ ಮಗಳು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಮಹಾ ವಾದಗಾತಿ. ಹಬ್ಬಕ್ಕೆ ಮುಂಚೆ ಫೋನ್ ಮಾಡಿ, ನಮ್ಮ ಮನೆಯಲ್ಲಿ ನಮ್ಮ ಹಬ್ಬ ಮಾಡಬಾರದು ಸರಿ, ಹ್ಯಾಲೋವೀನ್ ನಮ್ಮದಲ್ಲವಲ್ಲ, ಅದು ಬೇಡ ಎಂದು ಯಾವ ಶಾಸ್ತ್ರ ಹೇಳುತ್ತದೆ ಎಂದಳು. ಅಮ್ಮನನ್ನು ಎರಡು ಗಂಟೆಯಾದರೂ ಎಲ್ಲರ ಜೊತೆ ಕೂರಿಸಬೇಕು, ಒಂದು ನಗಿಸುವ ದೆವ್ವದ ಸಿನಿಮಾ ಹೇಳು ಎಂದು ಕೇಳಿದಳು. ಆ ಮನೆಯ ಶಾಸ್ತ್ರವೆಲ್ಲ ಭಾವನ ಅಕ್ಕನ ಕೈಯಲ್ಲಿತ್ತು. ತಮ್ಮ ಹೋದಾಗಿನಿಂದ ಅವರು ಹೊಳೆಹೊನ್ನೂರಿನಿಂದ ಆಗಾಗ ಬಂದು, ಯಾವುದು ಮಾಡಬಹುದು, ಯಾವುದು ಕೂಡದು ಎಂದು ಹೇಳಿ ಹೋಗುತ್ತಿದ್ದರು. ಹೆಸರೇ ಕೇಳದ ಹಬ್ಬಕ್ಕೆ ಏನು ಹೇಳಬೇಕೋ ತಿಳಿಯದೆ ಅವರೂ ಒಪ್ಪಿದರು. ಆ ಹಬ್ಬದ ಪದ್ಧತಿಯಂತೆ ಸಿಹಿಗುಂಬಳಕ್ಕೆ ಕಣ್ಣು ಮೂಗು ಕೊರೆಯಲು ಮಾತ್ರ ಬಿಡಲಿಲ್ಲ, ಅದನ್ನು ಹುಳಿಗೆ ಹಾಕಿಸಿದರು.

ನಗಿಸುವುದು ಬೇಡ, ನಾನೇ ಬಂದು ಹಾಕುತ್ತೇನೆ ಎಂದೆ. ಆಗಷ್ಟೇ ಬಂದಿದ್ದ ಒಂದು ಸಿನಿಮಾ ನನ್ನ ತಲೆಯಲ್ಲಿತ್ತು. ಬೇರೆ ಭಾಷೆಯದು, ಕನ್ನಡಕ್ಕೆ ಡಬ್ ಆದದ್ದು. ಸತ್ತುಹೋದ ಗಂಡ ದಿನವೂ ಮುಸ್ಸಂಜೆಗೆ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಮನೆಯವರು ಹೆದರಿ ಮಂತ್ರವಾದಿಯನ್ನು ಕರೆಸುತ್ತಾರೆ, ಅಷ್ಟೇ ಕಥೆ. ಇದನ್ನು ಕೇಳಿದ ಅಕ್ಕನ ಮಗಳು, ನಿನಗೇನು ತಲೆ ಕೆಟ್ಟಿದೆಯೇ ಚಿಕ್ಕಮ್ಮ ಎಂದಳು. ಕೆಟ್ಟಿರಲಿಲ್ಲ. ಅಕ್ಕನ ಕಿವಿಗೆ ಸಾವಿನ ಮಾತು ಬೀಳದಂತೆ ಎಲ್ಲರೂ ಕಾದದ್ದಾಗಿತ್ತು, ಅದರಿಂದ ಬಂದದ್ದೇನು? ನೋವಿರುವ ಜಾಗವನ್ನು ಮುಟ್ಟಿಯೇ ನೋಡಬೇಕು ಎಂದು ನಾನು ಗಟ್ಟಿಮಾಡಿಕೊಂಡಿದ್ದೆ.

ನರಕ ಚತುರ್ದಶಿಯ ಮಧ್ಯಾಹ್ನ ಕೊನೆಯ ಬ್ಲೌಸ್ ಕೊಟ್ಟು, ಅಂಗಡಿ ಬಾಗಿಲು ಹಾಕಿ ಬಸ್ಸು ಹತ್ತಿದೆ. ಅಕ್ಕನ ಬೀದಿಯಲ್ಲಿ ಮಕ್ಕಳು ಆಗಲೇ ಪಟಾಕಿ ಹಚ್ಚುತ್ತಿದ್ದರು. ಕಿಟಕಿಯ ಪರದೆ ಎಳೆದು ಟಿವಿ ಹಾಕಿದೆವು. ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು, ಕರೆದರೂ ಬರಲಿಲ್ಲ. ಭಾವನ ಅಕ್ಕ ಮಾತ್ರ ಬೇಡ ಬೇಡ ಎನ್ನುತ್ತಲೇ ಎಲ್ಲರಿಗಿಂತ ಮುಂದಿನ ಕುರ್ಚಿ ಹಿಡಿದು, ಮೊದಲ ಸದ್ದಿಗೇ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸತ್ತವನು ಬಾಗಿಲಿಗೆ ಬಂದ. ಒದ್ದೆ ಬಟ್ಟೆ, ಕೈಯಲ್ಲೊಂದು ಚೀಲ, ಕೆಲಸ ಮುಗಿಸಿ ಬಂದವನ ಹಾಗೆ. ಹೆಂಡತಿ ಕಿರುಚಿ ಬಾಗಿಲು ಹಾಕಿಕೊಂಡಳು. ತಿರುಗಿ ನೋಡಿದರೆ ಅಕ್ಕ ನನ್ನ ಪಕ್ಕದಲ್ಲಿ ದಿವಾನ್ ಮಂಚದ ಅಂಚಿಗೆ ಬಂದು ಕೂತಿದ್ದಳು.

ಮಂತ್ರವಾದಿ ನಿಂಬೆಹಣ್ಣು ಕುಯ್ದ, ಹೊಗೆ ಹಾಕಿದ, ಕೊನೆಗೆ ಬೇವಿನ ಸೊಪ್ಪಿನಿಂದ ಬಾರಿಸಿ ಓಡಿಸಿದ. ದೆವ್ವ ತಲೆ ತಗ್ಗಿಸಿಕೊಂಡು ಅಂಗಳ ದಾಟಿ ಹೋಯಿತು. ಸದ್ಯ, ಹೋಯಿತಲ್ಲ ಎಂದು ಭಾವನ ಅಕ್ಕ ಟಿವಿಗೆ ಕೈ ಮುಗಿದರು. ಆಗ ಅಕ್ಕ ಬಾಯಿ ಬಿಟ್ಟಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ.

“ಬಂದೋರನ್ನ ಊಟ ಆಯ್ತಾ ಅಂತ ಒಬ್ರಾದ್ರೂ ಕೇಳಿದ್ರೇನೆ?”

ತಿಂಗಳ ಹಿಂದೆ ಹಿರಿಯರ ಹಬ್ಬದಲ್ಲಿ ಬೀದಿಯ ಮನೆಮನೆಯಲ್ಲೂ, ಹೋದವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ ಎಡೆ ಇಟ್ಟು ಕರೆದಿದ್ದರು. ಅಕ್ಕನ ಮನೆಯಲ್ಲಿ ಇಡಲಿಲ್ಲ. ಹೋದವರು ವರ್ಷ ತುಂಬುವ ಮೊದಲು ಹಿರಿಯರ ಜೊತೆ ಸೇರುವುದಿಲ್ಲ, ಈ ಸಲ ಎಡೆ ಇಡುವಂತಿಲ್ಲ ಎಂದು ಭಾವನ ಅಕ್ಕ ಹೇಳಿದ್ದರು. ಅಕ್ಕ ಹೂಂ ಎಂದು ಸುಮ್ಮನಾಗಿದ್ದಳು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೊರಗುತ್ತಿದ್ದಾಳೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

“ನಮ್ಮೋರು ಬಂದ್ರೆ ನಾನು ಬಾಗ್ಲು ಹಾಕ್ತೀನಾ? ಕೈಕಾಲು ತೊಳ್ಕೊಳ್ಳಿ, ಬಡಿಸ್ತೀನಿ ಅಂತೀನಿ” ಎಂದವಳೇ ಜೋರಾಗಿ ಅತ್ತಳು. ಭಾವನ ಅಕ್ಕ ಕುರ್ಚಿ ಬಿಟ್ಟು ಅವಳ ಕಾಲ ಬಳಿ ನೆಲಕ್ಕೆ ಕೂತು ತಾವೂ ಅತ್ತರು. ಅಳುತ್ತಲೇ ಇಬ್ಬರೂ ಭಾವನಿಗೆ ಮೀನು ಸಾರು ಎಷ್ಟು ಖಾರ ಇರಬೇಕಿತ್ತು ಎಂದು ವಾದಕ್ಕಿಳಿದರು. ಅಕ್ಕನ ಮಗಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ನಾನು ಆರಿಸಿದ್ದು ಸರಿಯಾಗಿತ್ತು, ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಅಕ್ಕ ಕಣ್ಣೊರೆಸಿಕೊಂಡು, ಬಂದವರನ್ನು ಓಡಿಸದೆ ಒಳಗೆ ಕರೆದುಕೊಳ್ಳುವ ಸಿನಿಮಾ ಯಾವುದಾದರೂ ಇದೆಯೇ ಎಂದು ಕೇಳಿದಳು. ನೋಡಿದ್ದನ್ನೆಲ್ಲ ನೆನಪು ಮಾಡಿಕೊಂಡೆ. ಕೊನೆಗೆ ಎಲ್ಲದರಲ್ಲೂ ಓಡಿಸುತ್ತಾರೆ, ಇಲ್ಲವೇ ಸುಡುತ್ತಾರೆ. ನಾನು ಇಲ್ಲ ಎಂದೆ.

“ಹಂಗಾದ್ರೆ ಇದನ್ನೇ ಇನ್ನೊಂದ್ಸಲ ಹಾಕೇ. ಬಾಗ್ಲಿಗೆ ಬರ್ತಾರಲ್ಲ, ಅಲ್ಲಿಗೆ ನಿಲ್ಸು.”

ರಿಮೋಟ್ ತೆಗೆದುಕೊಂಡು ಹಿಂದಕ್ಕೆ ತಂದೆ. ಹೆಂಡತಿ ಇನ್ನೂ ಕಿರುಚಿರಲಿಲ್ಲ. ಅಲ್ಲಿಗೆ ನಿಲ್ಲಿಸಿದೆ. ಅಕ್ಕ ಬಾಗಿಲಲ್ಲಿ ನಿಂತವನನ್ನು ನೋಡುತ್ತ ನಮ್ಮ ನಡುವೆ ಕೂತೇ ಇದ್ದಳು.