ಚಿಗವ್ವನ ಕಾಲು ಹೋದದ್ದು ನನ್ನಿಂದ

ಚಿಗವ್ವಾ, ಆಪರೇಶನ್ ಬೇಡ ಅಂದವಳು ನಾನು. ನೀನಲ್ಲ. ಕಾಕಾನ ಮುಂದೆ ನಾನು ಹೇಳಿದ್ದು ಸುಳ್ಳು — ನೀನು ಅದನ್ನು ಕೇಳಿಸಿಕೊಂಡೆ, ನನ್ನ ಮುಖ ನೋಡಿದೆ.

ನಿನ್ನ ಹಿಮ್ಮಡಿಯ ಕರಿ ಕಲೆಯನ್ನು ಮಗ್ಗ ತುಳಿದು ತುಳಿದು ಆದ ಆಣಿ ಎಂದೇ ಎಲ್ಲರೂ ತಿಳಿದೆವು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುವವರಿಗೆ ಆಣಿ ಹೊಸದಲ್ಲ. ಕಾಕಾ ಸೀರೆ ಮಾರಲು ನರಗುಂದಕ್ಕೆ ಹೋಗಿದ್ದ. ನಾನೇ ನಿನ್ನನ್ನು ಹುಬ್ಬಳ್ಳಿಗೆ ಕರೆದೊಯ್ದೆ. ಚರ್ಮದ ಕ್ಯಾನ್ಸರ್ ಎಂದರು ಡಾಕ್ಟರು. ಈಗಲೇ ಅಷ್ಟೇ ಭಾಗ ಕೊಯ್ದು ತೆಗೆದರೆ ಕಾಲು ಉಳಿಯುತ್ತದೆ ಎಂದರು.

ತಿರುಗಿ ಬಂದು ನನ್ನ ಔಷಧಿ ಅಂಗಡಿಯಲ್ಲಿ ಕೂತೆ ನೀನು. "ಹಿಮ್ಮಡಿ ಕೊಯ್ದ್ರ ಮಗ್ಗಾ ಹ್ಯಾಂಗ ತುಳೀಲೆವ್ವಾ? ಚಾಕು ಹಿಡದವ್ರಿಗೆ ಎಲ್ಲಾ ಬದನಿಕಾಯಿನ ಕಾಣತೈತಿ. ನೀ ಕಲತಾಕಿ, ನೀ ಹೇಳು."

ಕಲತಾಕಿ — ಆ ಮಾತು ತಲೆಗೇರಿತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅಪ್ಪನೊಡನೆ ಜಗಳಾಡಿ ನನ್ನನ್ನು ಕಾಲೇಜಿಗೆ ಕಳಿಸಿದವಳು ನೀನು. ಎಲ್ಲೋ ಓದಿದ್ದೆ — ಸಕ್ಕರೆ ಕಾಯಿಲೆಗೆ ನೀನು ನುಂಗುವ ಮೆಟ್‌ಫಾರ್ಮಿನ್ ಗುಳಿಗೆ ಚರ್ಮದ ಕ್ಯಾನ್ಸರ್‌ಗೂ ಉಪಯೋಗಕ್ಕೆ ಬರಬಹುದೇ ಎಂದು ಪ್ರಯೋಗಾಲಯಗಳಲ್ಲಿ ನೋಡುತ್ತಿದ್ದಾರೆ ಅಂತ. ನೋಡುತ್ತಿದ್ದಾರೆ, ಅಷ್ಟೇ. ಆಪರೇಶನ್ ಬಿಡಿ ಅಂತ ಯಾರೂ ಹೇಳಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ —

"ಕೊಯ್ಸೂದು ಬ್ಯಾಡ ಚಿಗವ್ವಾ. ನಿನ್ನ ಸಕ್ಕರಿ ಗುಳಿಗೀನ ಇದಕ್ಕೂ ಆಕ್ಕೈತಿ. ಒಂದರ ಬದ್ಲಿ ಎರಡು ತಗೋ. ಕಾಕಾಗ ಆಪರೇಶನ್ ಸುದ್ದಿ ಹೇಳಬ್ಯಾಡ, ಸುಮ್ನ ಒದರ್ಯಾಡ್ತಾನ."

ನೀನು ಹೇಳಲಿಲ್ಲ. ಡಾಕ್ಟರ್ ಗುಳಿಗೆ ಕೊಟ್ಟಿದ್ದಾರೆ ಅಂದುಬಿಟ್ಟೆ, ನನ್ನ ಮಾತಿಗಾಗಿ. ಕಲೆ ಅಗಲವಾಯಿತು, ಒಡೆಯಿತು, ರಸಿಕೆ ಒಸರಿತು. ಇನ್ನೊಂದು ತಿಂಗಳು ನೋಡೋಣ ಅಂದೆ ನಾನು. ಆಮೇಲೆ ಮತ್ತೊಂದು. ಕಡೆಗೆ ಹುಬ್ಬಳ್ಳಿಯಲ್ಲಿ ಮೊಣಕಾಲಿನ ಕೆಳಗೆ ಪೂರ್ತಿ ತೆಗೆದರು.

ಮೊದಲೇ ಹೇಳಿದ್ದೆವಲ್ಲ ಎಂದು ಡಾಕ್ಟರು ಅಂದಾಗ ಕಾಕಾ ನನ್ನ ಕಡೆ ತಿರುಗಿದ. "ಯಾರ ಬ್ಯಾಡಂದವ್ರು?"

"ಚಿಗವ್ವನ ಒಲ್ಲೆ ಅಂದ್ಲು ಕಾಕಾ. ನಾ ಭಾಳ ಹೇಳಿ ನೋಡಿದ್ನಿ."

ನೀನು ಅಲ್ಲೇ ಕಾಟಿನ ಮೇಲೆ ಎಚ್ಚರವಿದ್ದೆ. "ನಿನ್ನ ಕಾಲಿಗೆ ನೀನ ಕೊಡ್ಲಿ ಹಾಕ್ಕೊಂಡ್ಯಲ್ಲ" ಎಂದು ಕಾಕಾ ನಿನಗೇ ಬೈದ. ಇವತ್ತಿಗೂ ಖಾಲಿ ಮಗ್ಗ ಕಂಡಾಗಲೆಲ್ಲ ಅದೇ ಮಾತು. ನೀನು ಬಾಯಿ ಬಿಡುವುದಿಲ್ಲ. ಆದರೆ ನನ್ನ ಅಂಗಡಿ ಎರಡು ಓಣಿ ಆಚೆಗಿದ್ದರೂ ಸಕ್ಕರೆ ಗುಳಿಗೆಯನ್ನು ರೋಣದಿಂದ ತರಿಸುತ್ತೀ. ಯಾಕೆ ಎಂದು ಕಾಕಾ ಕೇಳಿದರೆ, "ಅಲ್ಲೆ ಚಲೋ ಸಿಗತಾವ" ಅಂತೀಯಂತೆ.

ನಾಳೆ ಕಾಕಾ ನರಗುಂದದಿಂದ ಬರುತ್ತಾನೆ. ನೀನೂ ಕೂತಿರುವಾಗಲೇ ಅವನಿಗೆ ಎಲ್ಲ ಹೇಳುತ್ತೇನೆ. ನೀನು ಕ್ಷಮಿಸಲಿ ಎಂದಲ್ಲ, ಚಿಗವ್ವಾ — ನನಗೆ ಬರಬೇಕಾದ ಬೈಗುಳವನ್ನು ಇಷ್ಟು ವರ್ಷ ನೀನು ತಿಂದಿದ್ದೀ.